ಅಮ್ಮನೊಂದಿಗೆ ಜಪಾನ್ ಪ್ರವಾಸ: ನಾನು ಮಾಡಿಕೊಂಡ ಏರ್ಪಾಡುಗಳು

ಭಾಷೆ, ಲಿಪಿ ಎರಡೂ ತಿಳಿಯದ ನಾಡಿಗೆ ಹೋದಾಗ ಹಿರಿಯರು ಬಹುಬೇಗ ಮಕ್ಕಳ ಹಿಂದೆ ಸುಮ್ಮನೆ ನಡೆಯುವವರಾಗಿಬಿಡುತ್ತಾರೆ. ಟಿಕೆಟ್ಟು, ಹಣ, ಊಟ, ಕೊನೆಗೆ ಶೌಚಾಲಯ ಎಲ್ಲಿದೆ ಎಂಬುದಕ್ಕೂ ಇನ್ನೊಬ್ಬರನ್ನೇ ಕೇಳಬೇಕಾದ ಸ್ಥಿತಿ ಅವರಿಗೆ ಒದಗುತ್ತದೆ. ಎಪ್ಪತ್ತು ದಾಟಿದ ಅಮ್ಮನನ್ನು ಜಪಾನಿಗೆ ಕರೆದೊಯ್ಯುವಾಗ ಅವರಿಗೆ ಆ ಸ್ಥಿತಿ ಬರಬಾರದು, ತಮ್ಮ ಕೆಲಸಗಳಲ್ಲಿ ಸಾಧ್ಯವಾದಷ್ಟನ್ನು ಅವರೇ ಮಾಡಿಕೊಳ್ಳುವಂತಿರಬೇಕು ಎಂಬುದು ನನ್ನ ಎಲ್ಲ ಸಿದ್ಧತೆಗಳ ಉದ್ದೇಶವಾಗಿತ್ತು.

ಹೊರಡುವ ಮೊದಲು ಹೆಚ್ಚು ಸಮಯ ಹಿಡಿದದ್ದು ಔಷಧಿಗಳ ವಿಚಾರ. ಸ್ವಂತ ಬಳಕೆಗಾಗಿ ವೈದ್ಯರು ಬರೆದುಕೊಟ್ಟ ಸಾಮಾನ್ಯ ಔಷಧಿಗಳನ್ನು ಒಂದು ತಿಂಗಳಿಗಾಗುವಷ್ಟು ಜಪಾನಿಗೆ ಒಯ್ಯಬಹುದು. ಅದಕ್ಕೂ ಹೆಚ್ಚು ಬೇಕಿದ್ದರೆ ‘ಯುನ್ಯು ಕಕುನಿನ್‌ಶೊ’ ಎಂಬ ಪ್ರಮಾಣಪತ್ರವನ್ನು ಮುಂಚಿತವಾಗಿ ಪಡೆಯಬೇಕು. ನೆಗಡಿಯ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೊಎಫೆಡ್ರಿನ್‌ನ ಪ್ರಮಾಣ ಶೇ. 10ನ್ನು ಮೀರಿದ್ದರೆ ಅಂಥ ಔಷಧಿಯನ್ನು ಆ ದೇಶದೊಳಗೆ ತರುವುದೇ ನಿಷಿದ್ಧ. ಆದ್ದರಿಂದ ಪ್ರತಿಯೊಂದು ಮಾತ್ರೆಯಲ್ಲಿ ಏನಿದೆಯೆಂದು ವೈದ್ಯರಿಂದ ಬರೆಸಿಕೊಂಡು, ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಅವುಗಳ ಸ್ಟ್ರಿಪ್ಪುಗಳಲ್ಲೇ ಇಟ್ಟುಕೊಂಡೆವು. ಜಪಾನಿನ ಗಡಿಯಾರ ಭಾರತಕ್ಕಿಂತ ಮೂರೂವರೆ ಗಂಟೆ ಮುಂದಿರುವುದರಿಂದ ರಕ್ತದೊತ್ತಡದ ಮಾತ್ರೆಯ ಹೊತ್ತನ್ನು ಹೇಗೆ ಬದಲಿಸಬೇಕೆಂಬುದನ್ನೂ ಅಮ್ಮ ತಾವೇ ವೈದ್ಯರಲ್ಲಿ ಕೇಳಿ ತಿಳಿದುಕೊಂಡರು.

ಟೋಕಿಯೊದಲ್ಲಿ ಇಳಿದ ಕೂಡಲೇ ಅಮ್ಮನಿಗೆ ಬೇರೆಯಾಗಿ ಒಂದು ಸುಯಿಕಾ ಕಾರ್ಡು, ಅಂದರೆ ಮೊದಲೇ ಹಣ ತುಂಬಿ ರೈಲು ಪ್ರಯಾಣಕ್ಕೆ ಬಳಸುವ ಕಾರ್ಡು, ಕೊಡಿಸಿದೆ. ನಿಲ್ದಾಣದ ಒಳಹೋಗುವಾಗಲೂ ಹೊರಬರುವಾಗಲೂ ಗೇಟಿಗೆ ತಾಗಿಸಬೇಕಾದ ಈ ಕಾರ್ಡನ್ನು ಇಬ್ಬರು ಒಂದೇ ಪ್ರಯಾಣಕ್ಕೆ ಹಂಚಿಕೊಳ್ಳಲು ಬರುವುದಿಲ್ಲ. ಆದರೆ ನಿಯಮ ಹಾಗಿಲ್ಲದಿದ್ದರೂ ನಾನು ಎರಡು ಕಾರ್ಡುಗಳನ್ನೇ ಕೊಳ್ಳುತ್ತಿದ್ದೆ. ಅದೇ ಕಾರ್ಡಿನಿಂದ ಅವರು ಅಂಗಡಿಯಲ್ಲಿ ಬಾಳೆಹಣ್ಣು ಕೊಂಡರು, ಯಂತ್ರದಿಂದ ನೀರಿನ ಬಾಟಲಿ ಪಡೆದರು, ಯಾರ ಕೈಯನ್ನೂ ಕಾಯಲಿಲ್ಲ. ವಿದೇಶಿ ಪ್ರವಾಸಿಗರು ಪಾಸ್‌ಪೋರ್ಟನ್ನು ಸದಾ ಬಳಿಯಲ್ಲಿಟ್ಟುಕೊಳ್ಳಬೇಕೆಂಬುದು ಅಲ್ಲಿನ ಕಾನೂನು. ಹಾಗಾಗಿ ಕೊರಳಿಗೆ ಹಾಕಿಕೊಳ್ಳುವ ಸಣ್ಣ ಚೀಲದಲ್ಲಿ ಅವರ ಪಾಸ್‌ಪೋರ್ಟು, ಸ್ವಲ್ಪ ಯೆನ್ ಹಾಗೂ ಜಪಾನಿ ಲಿಪಿಯಲ್ಲಿ ಮುದ್ರಿಸಿದ ಹೋಟೆಲಿನ ವಿಳಾಸ ಇರುತ್ತಿದ್ದವು. ರೈಲಿನ ಬಾಗಿಲು ಮುಚ್ಚಿ ನಾವು ಬೇರೆಯಾದರೆ, ಒಳಗಿರುವವರು ಮುಂದಿನ ನಿಲ್ದಾಣದಲ್ಲಿ ಇಳಿದು ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಬೇಕು, ಹೊರಗುಳಿದವರು ಮುಂದಿನ ರೈಲಿನಲ್ಲಿ ಅಲ್ಲಿಗೆ ಬರಬೇಕು ಎಂದು ಮೊದಲ ದಿನವೇ ಮಾತಾಡಿಕೊಂಡಿದ್ದೆವು. ಅದರ ಅಗತ್ಯ ಬೀಳಲಿಲ್ಲವಾದರೂ ಆ ಮಾತಿನಿಂದ ಜನಜಂಗುಳಿಯ ನಿಲ್ದಾಣಗಳಲ್ಲಿ ಅಮ್ಮನ ಹೆಜ್ಜೆಗೆ ಧೈರ್ಯ ಬಂದಿತ್ತು.

ಟೋಕಿಯೊದಿಂದ ಕ್ಯೋಟೊಗೆ ನೊಜೊಮಿ ಎಂಬ ಶಿಂಕಾನ್ಸೆನ್ (ಬುಲೆಟ್ ರೈಲು) ಸುಮಾರು ಎರಡೂಕಾಲು ಗಂಟೆಯಲ್ಲಿ ತಲುಪುತ್ತದೆ, ಆದರೆ ನಡುವಿನ ನಿಲ್ದಾಣಗಳಲ್ಲಿ ಅದು ನಿಲ್ಲುವುದು ಒಂದೆರಡು ನಿಮಿಷ ಮಾತ್ರ. ಮಂಡಿನೋವಿರುವವರು ದೊಡ್ಡ ಪೆಟ್ಟಿಗೆಯೊಂದಿಗೆ ಅಷ್ಟರಲ್ಲಿ ಇಳಿಯುವುದು ಕಷ್ಟ. ಅಲ್ಲದೆ ಉದ್ದ, ಅಗಲ, ಎತ್ತರ ಸೇರಿ 160 ಸೆಂಟಿಮೀಟರ್ ಮೀರಿದ ಪೆಟ್ಟಿಗೆಗೆ ಮೊದಲೇ ಜಾಗ ಕಾಯ್ದಿರಿಸಬೇಕು. ನಾವು ಹೋಟೆಲಿನಿಂದಲೇ ‘ತಕ್ಯೂಬಿನ್’ ಸೇವೆಯ ಮೂಲಕ ಪೆಟ್ಟಿಗೆಗಳನ್ನು ಮುಂದಿನ ಹೋಟೆಲಿಗೆ ಕಳುಹಿಸಿದೆವು. ಅವು ಸಾಮಾನ್ಯವಾಗಿ ಮರುದಿನ ತಲುಪುವುದರಿಂದ ಔಷಧಿ ಮತ್ತು ಒಂದು ಜೊತೆ ಬಟ್ಟೆ ನಮ್ಮ ಕೈಚೀಲದಲ್ಲೇ ಇದ್ದವು. ಹಿರಿಯರೊಂದಿಗೆ ಹೋಗುವವರು ಬೇರೆ ಯಾವ ಖರ್ಚನ್ನು ಕಡಿಮೆ ಮಾಡಿದರೂ ಈ ಖರ್ಚನ್ನು ಕಡಿಮೆ ಮಾಡಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ವಸತಿಯ ವಿಷಯದಲ್ಲಿ ಎರಡೇ ಸಂಗತಿಗಳನ್ನು ವಿಚಾರಿಸಿದೆ. ತತಾಮಿ ಚಾಪೆಯ ಮೇಲೆ ಹಾಸಿಗೆ ಹಾಸುವ ಕೋಣೆ ಚೆಂದವಾದರೂ ನೆಲದಿಂದ ಏಳುವುದು ಅಮ್ಮನಿಗೆ ಆಗದು, ಹಾಗಾಗಿ ಮಂಚವಿರಬೇಕಿತ್ತು. ಅಲ್ಲಿನ ಹೋಟೆಲುಗಳ ಸ್ನಾನದ ತೊಟ್ಟಿ ಆಳವಾಗಿಯೂ ಅದರ ಅಂಚು ಎತ್ತರವಾಗಿಯೂ ಇರುವುದುಂಟು, ಹಾಗಾಗಿ ಹಿಡಿದುಕೊಳ್ಳಲು ಗೋಡೆಗೆ ಹಿಡಿಕೆ ಇದೆಯೇ ಎಂದು ಕೇಳಿದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಎದುರಾಗುವ ತೊಡಕು ‘ದಾಶಿ’. ತರಕಾರಿಯಷ್ಟೇ ಕಾಣುವ ಸಾರಿನಲ್ಲೂ ಒಣಮೀನಿನಿಂದ ತೆಗೆದ ಈ ರಸ ಇರುವುದು ಸಾಮಾನ್ಯ. ಮಾಂಸ, ಮೀನು, ಮೊಟ್ಟೆ ಮತ್ತು ಮೀನಿನ ದಾಶಿ ಬೇಡವೆಂದು ಜಪಾನಿಯಲ್ಲಿ ಮುದ್ರಿಸಿದ ಚೀಟಿಯನ್ನು ಅಮ್ಮನೇ ತೋರಿಸುತ್ತಿದ್ದರು. ಕ್ಯೋಟೊದಲ್ಲಿ ಬೌದ್ಧ ದೇಗುಲಗಳ ಸಸ್ಯಾಹಾರವಾದ ‘ಶೋಜಿನ್ ರ್ಯೋರಿ’ ದೊರೆತ ದಿನ ಆ ಚೀಟಿ ಚೀಲದಿಂದ ಹೊರಬರಲಿಲ್ಲ.

ಸ್ಥಳಗಳ ಆಯ್ಕೆಯಲ್ಲಿ ದಿನಕ್ಕೊಂದು ಮುಖ್ಯ ತಾಣ ಸಾಕೆಂದು ನಿಶ್ಚಯಿಸಿದ್ದೆವು. ಕ್ಯೋಟೊದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ನಾರಾದಲ್ಲಿ ಅದರ ಫಲ ಕಂಡಿತು. ಅಲ್ಲಿನ ತೋದೈಜಿ ದೇಗುಲದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧನಿದ್ದಾನೆ. 752ರಲ್ಲಿ ಆ ಮೂರ್ತಿಯ ನೇತ್ರೋನ್ಮೀಲನ ನೆರವೇರಿಸಿದವನು ಭಾರತದಿಂದ ಹೋಗಿದ್ದ ಬೋಧಿಸೇನನೆಂಬ ಭಿಕ್ಷು. ಇದನ್ನು ಓದಿ ಹೇಳಿದಾಗ, ಹಡಗಿನ ಕಾಲದಲ್ಲಿ ಅಷ್ಟು ದೂರ ಬಂದವನು ಇಲ್ಲಿನ ಮಾತನ್ನು ಹೇಗೆ ಕಲಿತನೋ ಎಂದು ಅಮ್ಮ ಬಹಳ ಹೊತ್ತು ವಿಚಾರಿಸುತ್ತ ಕುಳಿತರು. ಇನ್ನೊಂದು ತಾಣಕ್ಕೆ ಓಡಬೇಕಾಗಿದ್ದರೆ ಆ ಮಾತುಕತೆಯೇ ಹುಟ್ಟುತ್ತಿರಲಿಲ್ಲ. ಕ್ಯೋಟೊದ ಫುಶಿಮಿ ಇನಾರಿ ದೇಗುಲದಲ್ಲಿ ‘ತೋರಿ’ ಎಂಬ ಕೆಂಪು ದ್ವಾರಗಳ ದಾರಿ 233 ಮೀಟರ್ ಎತ್ತರದ ಬೆಟ್ಟವೇರುತ್ತದೆ. ಎಲ್ಲಿಂದ ಹಿಂದಿರುಗಬೇಕೆಂಬ ನಿರ್ಧಾರವನ್ನು ಅಮ್ಮನಿಗೇ ಬಿಟ್ಟೆ, ಅವರು ಸಾಕೆಂದ ಕಡೆಯಿಂದ ತಿರುಗಿ ಬಂದೆವು.

ಆಂಬುಲೆನ್ಸಿಗೆ 119, ಪೊಲೀಸರಿಗೆ 110 ಎಂಬ ಸಂಖ್ಯೆಗಳು ಇಬ್ಬರ ಫೋನಿನಲ್ಲೂ ಇದ್ದವು. ಪ್ರವಾಸ ವಿಮೆ ಪಡೆಯುವಾಗ ಅಮ್ಮನ ಹಳೆಯ ಕಾಯಿಲೆಗಳನ್ನೆಲ್ಲ ನಮೂದಿಸಿ, ಪಾಲಿಸಿಯ ಪ್ರತಿಯನ್ನೂ ಔಷಧಿಗಳ ಪಟ್ಟಿಯನ್ನೂ ಅವರ ಕೊರಳ ಚೀಲದಲ್ಲಿಯೇ ಇಟ್ಟಿದ್ದೆ. ಏಕೆಂದರೆ ಕಾಯಿಲೆ ಬೀಳುವವನು ನಾನೇ ಆಗಿದ್ದರೆ, ಸಹಾಯ ಕೇಳಬೇಕಾದವರು ಅವರೇ ಆಗಿರುತ್ತಿದ್ದರು.