ಚೈನ್ ಬಿಚ್ಚುವ ಮೊದಲು ಗೇಟ್ ನೋಡಿ

ನಾಯಿಗಳನ್ನು ಒಟ್ಟಿಗೆ ಬಿಟ್ಟು ಆಡಿಸುವ ಜಾಗದಲ್ಲಿ ಜಗಳ ಹತ್ತುವುದು ಬಯಲಿನ ನಡುವೆ ಅಲ್ಲ, ಹೆಚ್ಚಾಗಿ ಗೇಟಿನ ಬಾಯಲ್ಲಿ. ಒಳಗಿದ್ದ ನಾಲ್ಕೈದು ನಾಯಿಗಳು ಹೊಸಬನನ್ನು ಮೂಸಲು ಒಮ್ಮೆಲೇ ನುಗ್ಗುತ್ತವೆ. ಬಂದವನಿಗೆ ಹಿಂದೆ ಸರಿಯಲು ಜಾಗವಿಲ್ಲ, ಸಾಲದ್ದಕ್ಕೆ ಯಜಮಾನರು ಹೆದರಿ ಚೈನ್ ಬಿಗಿ ಎಳೆದಿರುತ್ತಾರೆ. ಓಡಲಾಗದ ನಾಯಿ ಕಚ್ಚುತ್ತದೆ.

ಆದ್ದರಿಂದ ಶಿವಮೊಗ್ಗದ ಬಡಾವಣೆಯ ಖಾಲಿ ಸೈಟಿರಲಿ, ತೋಟದ ಮಗ್ಗುಲಿನ ಬ್ಯಾಣ (ಹುಲ್ಲುಗಾವಲು) ಇರಲಿ, ಗೇಟ್ ಎರಡು ಬೇಕು. ನಡುವೆ ಆರಡಿ ಉದ್ದಗಲದ ಜಾಗ. ಹೊರಗಿನ ಗೇಟಿನ ಚಿಲಕ ಬಿದ್ದ ಮೇಲೆ ಅಲ್ಲೇ ಚೈನ್ ಬಿಚ್ಚಿ, ಆಮೇಲೆ ಒಳಗಿನದನ್ನು ತೆರೆಯಿರಿ. ಅಷ್ಟರಲ್ಲಿ ಒಳಗಿರುವವರು ತಮ್ಮ ನಾಯಿಗಳನ್ನು ಇಪ್ಪತ್ತು ಹೆಜ್ಜೆ ಆಚೆ ಕರೆದುಕೊಂಡಿರಬೇಕು. ಮುಳ್ಳಿನ ಬೆಲ್ಟ್, ಹಾರ್ನೆಸ್ ಎಲ್ಲವನ್ನೂ ತೆಗೆಯಿರಿ. ಆಟದಲ್ಲಿ ಇನ್ನೊಂದು ನಾಯಿಯ ಕೆಳದವಡೆ ಅದರಲ್ಲಿ ಸಿಕ್ಕಿಕೊಂಡರೆ ಎರಡೂ ಗಾಬರಿಬೀಳುತ್ತವೆ. ಫೋನ್ ನಂಬರ್ ಬರೆದ ಚಪ್ಪಟೆ ಬಟ್ಟೆಯ ಬೆಲ್ಟ್ ಸಾಕು.

ಬೇಲಿ ಐದಡಿಗೆ ಕಡಿಮೆ ಬೇಡ. ಅಡಿಕೆ ಮರ ಸೀಳಿದ ದಬ್ಬೆಯ ಬೇಲಿ ಅಗ್ಗ, ಆದರೆ ಮಳೆಗಾಲ ಕಳೆದ ಮೇಲೆ ಬುಡವನ್ನು ಕಾಲಲ್ಲಿ ಒದ್ದು ನೋಡಿ, ಕೊಳೆತು ಲಡ್ಡು ಹಿಡಿದಿರುತ್ತದೆ. ಅಡಿಕೆಗೆ ಔಷಧಿ ಹೊಡೆಯುವ ದಿನಗಳಲ್ಲಿ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಡ್ರಮ್ಮು ನಾಯಿಗೆ ಸಿಗಕೂಡದು, ಮೈಲುತುತ್ತ ಅದಕ್ಕೆ ವಿಷ.

ರೇಬೀಸ್ ಚುಚ್ಚುಮದ್ದಾಗದ ನಾಯಿ, ಲಸಿಕೆಯ ಸರಣಿ ಮುಗಿಯದ ಮರಿ, ಬೆದೆಗೆ ಬಂದ ಹೆಣ್ಣು ನಾಯಿ ಒಳಗೆ ಬರಬಾರದು. ಬೆದೆ ಸುಮಾರು ಮೂರು ವಾರ ಇರುತ್ತದೆ. ಇಲಿಜ್ವರದ ಲಸಿಕೆ ವರ್ಷಕ್ಕೊಮ್ಮೆ ಬೇಕೇ ಬೇಕು, ಏಕೆಂದರೆ ಅದು ಹರಡುವುದು ಇಲಿ ಉಚ್ಚೆ ಸೇರಿದ ನಿಂತ ನೀರಿನಿಂದ, ಮಲೆನಾಡಿನಲ್ಲಿ ಅಂಥ ನೀರಿಗೆ ಬರವಿಲ್ಲ. ಬಿಸ್ಕತ್ತು, ಚೆಂಡು ಮನೆಯಲ್ಲೇ ಇರಲಿ.

ಬಿಟ್ಟ ಮೇಲೆ ಮೊಬೈಲ್ ಜೇಬಿಗೆ. ಮುಂಗಾಲು ಚಾಚಿ ಹಿಂಭಾಗ ಎತ್ತಿದರೆ, ಬೀಳಿಸುವ ಸರದಿ ಅದಲುಬದಲಾಗುತ್ತಿದ್ದರೆ ಅದು ಆಟ. ಬಾಯಿ ಮುಚ್ಚಿ, ಮೈ ಸೆಟೆದು, ಬಾಲ ನೆಟ್ಟಗೆ ಮಾಡಿ ಒಂದೇ ನಾಯಿಯನ್ನು ದಿಟ್ಟಿಸತೊಡಗಿದರೆ ಕೂಡಲೇ ಕರೆಯಿರಿ. ಕರೆದರೆ ಬರುವ ಅಭ್ಯಾಸ ಮೊದಲೇ ಮನೆಯಂಗಳದಲ್ಲಿ ಹತ್ತು ಮೀಟರ್ ಹಗ್ಗ ಕಟ್ಟಿ ಆಗಿರಬೇಕು. ಐದು ನಿಮಿಷಕ್ಕೊಮ್ಮೆ ಸುಮ್ಮನೆ ಕರೆದು, ಬೆನ್ನು ತಟ್ಟಿ, ಮತ್ತೆ ಬಿಡಿ. ಹೊರಡುವಾಗ ಮಾತ್ರ ಕರೆಯುವವರ ನಾಯಿ ಬರುವುದಿಲ್ಲ; ಕರೆದರೆ ಆಟ ಮುಗಿಯಿತು ಎಂದು ಅದಕ್ಕೂ ಗೊತ್ತು.

ಜಗಳ ಹತ್ತಿತೆಂದರೆ ಬೆಲ್ಟಿಗೆ ಕೈ ಹಾಕಬೇಡಿ, ಕಡಿತ ಬೀಳುವುದು ಆ ಕೈಗೇ. ಮೊದಲು ಒಂದು ಬಕೆಟ್ ನೀರು ಎರಚಿ. ಬಿಡದಿದ್ದರೆ ಇಬ್ಬರು ಏಕಕಾಲಕ್ಕೆ ಒಂದೊಂದು ನಾಯಿಯ ಹಿಂದೊಡೆ ಹಿಡಿದು ಎತ್ತಬೇಕು. ಹಲ್ಲು ಕಚ್ಚಿರುವಾಗ ಜಗ್ಗಿದರೆ ಚರ್ಮ ಹರಿಯುತ್ತದೆ. ಹಿಡಿತ ಸಡಿಲವಾದಾಗ ಹಿಂದಕ್ಕೆ, ಅರ್ಧಚಂದ್ರಾಕಾರದಲ್ಲಿ ನಡೆಯಿರಿ, ತಿರುಗಿ ನಿಮ್ಮನ್ನು ಕಚ್ಚಲು ಅದಕ್ಕೆ ಪುರುಸೊತ್ತಾಗುವುದಿಲ್ಲ. ಬಿಡಿಸಿದ ಮೇಲೆ ಅವತ್ತಿನ ಆಟ ಅಲ್ಲಿಗೆ ಸಾಕು. ಹಲ್ಲಿನ ತೂತು ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳವಿರುತ್ತದೆ, ಅಂದೇ ಪಶುವೈದ್ಯರಿಗೆ ತೋರಿಸಿ.

ಮನುಷ್ಯರಿಗೆ ಕಚ್ಚಿದರೆ ಹರಿಯುವ ನೀರು, ಸೋಪು, ಗಡಿಯಾರ ನೋಡಿ 15 ನಿಮಿಷ. ಸುಣ್ಣ, ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಶಿವಮೊಗ್ಗದ ಮೆಗ್ಗಾನ್ ಅಥವಾ ತಾಲ್ಲೂಕು ಆಸ್ಪತ್ರೆಗೆ ಆಗಲೇ ಹೊರಡಿ. ಚರ್ಮದ ಪದರಕ್ಕೆ ಕೊಡುವ ಚುಚ್ಚುಮದ್ದಾದರೆ 0 (ಮೊದಲ ಚುಚ್ಚುಮದ್ದಿನ ದಿನ), 3, 7 ಮತ್ತು 28ನೇ ದಿನ, ನಡುವೆ ಬಿಡಬಾರದು.

ಹೊರಡುವಾಗ ಚೈನ್ ಹಾಕುವುದೂ ಎರಡು ಗೇಟುಗಳ ನಡುವೆಯೇ. ಕಾರು ಹತ್ತಿಸುವ ಮೊದಲು ಬೆರಳ ಸಂದು, ಕಿವಿಯ ಒಳಮಡಿಕೆ, ಕಂಕುಳು, ಬಾಲದ ಬುಡ ಇಷ್ಟನ್ನು ಸವರಿ ನೋಡಿ. ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಉಪ್ಪುನೀರಿಗೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಮಾಡಿರುವುದರಿಂದ ಸ್ವಲ್ಪ ಹೊತ್ತು ಜಿನುಗಿದರೆ ಹತ್ತಿ ಒತ್ತಿ ಹಿಡಿಯಿರಿ. ಒಂದೇ ಹೊಳ್ಳೆಯಲ್ಲಿ ರಕ್ತ ಬಂದು, ಬಿಡದೆ ಸೀನುತ್ತಿದ್ದರೆ ಉಂಬಳ ಮೂಗು ಹೊಕ್ಕಿರಬಹುದು. ಅಲ್ಲಿಗೆ ಉಪ್ಪು, ಸುಣ್ಣ ಹಾಕದೆ ವೈದ್ಯರಲ್ಲಿಗೆ ಒಯ್ಯಿರಿ. ಮಳೆ ನಿಂತ ಮೇಲೆ ಉಣುಗಿನ ಕಾಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಅಂಟುವುದು ಉಣುಗು ಕಚ್ಚಿ. ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ನಾಯಿಯ ಮೈಯೇರಿ ಉಣುಗು ಮನೆಯೊಳಗೇ ಬರುತ್ತದೆ. ಚಿಮಟಿಗೆಯಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಉಗುರಲ್ಲಿ ಕುಟ್ಟದೆ, ಮುಚ್ಚಳವಿರುವ ಬಾಟಲಿಯ ಸೋಪಿನ ನೀರಿಗೆ ಹಾಕಿ.