ಸಂಕದ ಮೇಲಿನ ಒಂದು ಫೈಟ್ ಸರಿ ಮಾಡೋಕೆ ಎರಡು ಮಳೆಗಾಲ

ನಮ್ಮ ತೋಟಕ್ಕೆ ಹೋಗೋ ದಾರೀಲಿ ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕಿದೀವಿ. ಸಾಗರದ ಕಡೆಯವರಿಗೆ ಸಂಕ ಅಂದ್ರೆ ಎಂತ ಅಂತ ಹೇಳ್ಬೇಕಾಗಿಲ್ಲ, ಬೇರೆಯವರಿಗೆ ಹೇಳೋದಾದ್ರೆ ಎರಡು ಮೂರು ದಿಮ್ಮಿ ಜೋಡಿಸಿ ಹಳ್ಳಕ್ಕೆ ಅಡ್ಡ ಹಾಕಿದ ಕಾಲುದಾರಿ, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತೆ, ಒಂದು ಸಲಕ್ಕೆ ಒಬ್ಬರೇ ದಾಟ್ಬೇಕು. ನಾನು ಕೆಲಸ ಮುಗಿದ ಮೇಲೆ ರಾತ್ರಿ ಕೂತು ಮಾಡ್ತಿರೋ ಗೇಮಲ್ಲಿ ಮೊದಲ ದೊಡ್ಡ ಫೈಟ್ ಇರೋದು ಇಂಥ ಸಂಕದ ಮೇಲೇ. ಅದೊಂದನ್ನ ಸರಿ ಮಾಡೋಕೆ ಎರಡು ಮಳೆಗಾಲ ಹೋಯ್ತು. ಹೇಗೆ ಸರಿಯಾಯ್ತು ಅಂತ ಬರೀತಿದೀನಿ, ಕನ್ನಡದಲ್ಲಿ ಟರ್ನ್ ಬೇಸ್ಡ್ ಗೇಮ್, ಅಂದ್ರೆ ಒಬ್ಬರಾದ್ಮೇಲೆ ಒಬ್ಬರು ಸರದಿ ಮೇಲೆ ಹೊಡೆದಾಡೋ ಗೇಮ್ ಮಾಡೋಕೆ ಹೊರಟ ಯಾರಿಗಾದ್ರೂ ಉಪಯೋಗ ಆಗ್ಬಹುದು.

ಕಥೆ ಹುಟ್ಟಿದ್ದು ಕೆಳದಿ ಇಂದ. 1689ರಲ್ಲಿ ಶಿವಾಜಿ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸ್ಕೊಂಡು ತಮಿಳುನಾಡಿನ ಜಿಂಜಿ ಕೋಟೆ ಕಡೆ ಹೋಗೋವಾಗ ಕೆಳದಿ ರಾಣಿ ಚೆನ್ನಮ್ಮನ ಹತ್ರ ಆಶ್ರಯ ಕೇಳಿದ, ಅವಳು ಕೊಟ್ಟಳು, ಅದಕ್ಕೆ ದೊಡ್ಡ ಸೈನ್ಯ ಮೈಮೇಲೆ ಬಂತು. ಇದನ್ನ ನಾವೆಲ್ಲ ಶಾಲೇಲಿ ಓದಿದೀವಿ. ನನ್ನ ಗೇಮ್ ಇತಿಹಾಸದ ಗೇಮ್ ಅಲ್ಲ, ಕಾನಿನೊಳಗೆ ಮಾತಾಡೋ ಮರ ಇದೆ, ಚೌಡಿ ಇದಾಳೆ, ರಾಜ್ಯದ ಹೆಸರೂ ಕಲ್ಪನೆದೇ. ಆದ್ರೆ ಆ ಒಂದು ಪ್ರಶ್ನೆ ಮಾತ್ರ ಹಾಗೇ ಎತ್ಕೊಂಡೆ, ಬಾಗಿಲಿಗೆ ಬಂದು ಕಾಪಾಡಿ ಅಂದವನನ್ನ ಕೊನೇವರೆಗೂ ಇಟ್ಕೊಳ್ಳೋದು ಹೇಗೆ. ಗಡಿಕಾವಲಿನ ಹೆಂಗಸು ಬೊಮ್ಮಿ, ಯಕ್ಷಗಾನದಲ್ಲಿ ಪದ ಹೇಳೋ ಒಬ್ಬ ಭಾಗವತ, ಮತ್ತೆ ಹನ್ನೆರಡು ವರ್ಷದ ಹುಡುಗ, ಅವನನ್ನ ಹುಡುಕ್ಕೊಂಡು ಬರೋ ಸೈನ್ಯ, ಇಷ್ಟೇ.

ಮೊದಲನೇ ವರ್ಷನ್ ಹೇಗಿತ್ತು ಅಂದ್ರೆ ಕಥೆ ಒಂದು ಕಡೆ ಫೈಟ್ ಒಂದು ಕಡೆ. ಕಥೆ ಬರೋವಾಗ ಹುಡುಗ ಹೆದರಿ ಬೊಮ್ಮಿ ಸೆರಗು ಹಿಡ್ಕೊಂಡಿರ್ತಾನೆ, ಫೈಟ್ ಶುರುವಾದ ತಕ್ಷಣ ಅವನೂ ಒಂದು ಕತ್ತಿ ಹಿಡ್ಕೊಂಡು ಸಾಲಲ್ಲಿ ನಿಂತು ಏಳು ಡ್ಯಾಮೇಜ್ ಹೊಡೀತಾನೆ, ಅಂದ್ರೆ ಎದುರಿನವನ ಕಸುವು ಏಳು ಇಳಿಯುತ್ತೆ. ಅಟ್ಯಾಕ್, ಡಿಫೆಂಡ್, ಐಟಂ, ಓಡು, ಈ ನಾಲ್ಕು ಬಟನ್, 1986ರ ಡ್ರ್ಯಾಗನ್ ಕ್ವೆಸ್ಟ್ ಕಾಲದಿಂದ ಬಂದ ಮೆನು ತರಾನೇ. ಅಕ್ಕನ ಮಗ ದಸರಾ ರಜಕ್ಕೆ ಬಂದಿದ್ದ, ಅವನ ಕೈಗೆ ಕೊಟ್ಟೆ. ಅರ್ಧ ಗಂಟೆ ಆಡಿದ, ಒಂದು ಸಲಾನೂ ಅಟ್ಯಾಕ್ ಬಿಟ್ಟು ಬೇರೆ ಒತ್ತಲಿಲ್ಲ, ಮಾತು ಬಂದ್ರೆ ಸ್ಕಿಪ್ ಮಾಡ್ತಿದ್ದ. "ಎಂತಕ್ಕೆ ಓದಲ್ಲ ಮಾರಾಯ" ಅಂತ ಕೇಳಿದ್ರೆ "ಓದಿದ್ರೂ ಒತ್ತೋದು ಅದನ್ನೇ ಅಲ್ವಾ ಮಾವ" ಅಂದ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ, ಯಾಕಂದ್ರೆ ಹುಡುಗ ಹೇಳಿದ್ದು ಸರಿಯಾಗೇ ಇತ್ತು.

ರಿಪೇರಿ ಶುರು ಮಾಡಿದ್ದು ಲೆಕ್ಕದಿಂದ. ಮೊದಲು ಡ್ಯಾಮೇಜ್ ಅಂದ್ರೆ ಅಟ್ಯಾಕ್‌ನಲ್ಲಿ ಡಿಫೆನ್ಸ್ ಕಳೆಯೋದು ಅಂತ ಇಟ್ಟಿದ್ದೆ, ಸುಲಭ ಅಂತ. ಅಟ್ಯಾಕ್ 20, ಎದುರಿನವನ ಡಿಫೆನ್ಸ್ 18 ಇದ್ರೆ ಡ್ಯಾಮೇಜ್ 2. ಅಂಗಡೀಲಿ ಹೊಸ ಕತ್ತಿ ತಗೊಂಡು ಅಟ್ಯಾಕ್ 24 ಆದ್ರೆ ಡ್ಯಾಮೇಜ್ 6, ಅಂದ್ರೆ ನಾಲ್ಕೇ ಪಾಯಿಂಟ್‌ಗೆ ಏಟು ಮೂರು ಪಟ್ಟು. ಹಾಗಾಗಿ ಆಡೋರಿಗೆ ಹೊಸ ಕತ್ತಿಯೊಂದೇ ಮುಖ್ಯ ಆಗೋಯ್ತು, ಬುದ್ಧಿ ಓಡಿಸೋ ಅಗತ್ಯಾನೇ ಇಲ್ಲ. ಆಮೇಲೆ ಅಟ್ಯಾಕನ್ನ ಅಟ್ಯಾಕ್‌ನಿಂದಲೇ ಗುಣಿಸಿ, ಅಟ್ಯಾಕ್ ಡಿಫೆನ್ಸ್ ಎರಡರ ಮೊತ್ತದಿಂದ ಭಾಗಿಸೋ ಲೆಕ್ಕಕ್ಕೆ ಬಂದೆ. ಅದೇ ನಂಬರ್ ಹಾಕಿದ್ರೆ ಮೊದಲು ಸುಮಾರು 10.5, ಕತ್ತಿ ಬದಲಾದ ಮೇಲೆ ಸುಮಾರು 14. ಕತ್ತಿಗೆ ಬೆಲೆ ಇದೆ, ಆದ್ರೆ ಕತ್ತಿ ಒಂದರಿಂದಲೇ ಗೆಲ್ಲೋಕಾಗಲ್ಲ. ಏಟು ತಪ್ಪೋ ಚಾನ್ಸನ್ನೂ ತೆಗೆದೆ, ನೂರಕ್ಕೆ ತೊಂಬತ್ತು ಅಂತ ತೋರ್ಸಿ ಏಟು ತಪ್ಪಿದ್ರೆ ಆಡೋರಿಗೆ ಮೋಸ ಆದ ಹಾಗೆ ಅನ್ಸುತ್ತೆ, ನಂಗೂ ಹಾಗೇ ಅನ್ಸುತ್ತೆ.

ಆಮೇಲೆ ಪಾಳಿ. ನಾನು ಟರ್ನ್‌ಗೆ ಗೇಮಲ್ಲೂ ಪಾಳಿ ಅಂತಲೇ ಬರೆದಿದೀನಿ. 2001ರ ಫೈನಲ್ ಫ್ಯಾಂಟಸಿ 10ರಲ್ಲಿ ಯಾರ ಪಾಳಿ ಆದ್ಮೇಲೆ ಯಾರದು ಅಂತ ಪಟ್ಟಿ ಸ್ಕ್ರೀನ್ ಮೇಲೇ ಕಾಣುತ್ತೆ, ಯಾವ ಏಟು ಆರಿಸ್ಕೋತೀವಿ ಅನ್ನೋದರ ಮೇಲೆ ನಮ್ಮ ಮುಂದಿನ ಪಾಳಿ ಹತ್ರಾನೋ ದೂರಾನೋ ಆಗುತ್ತೆ. ಕಾಲೇಜಲ್ಲಿ ಆಡಿದ್ದು, ಆ ಪಟ್ಟಿ ನೋಡ್ತಾ ಯೋಚನೆ ಮಾಡೋ ಸುಖ ಮರ್ತಿರಲಿಲ್ಲ. ನನ್ನ ಗೇಮಲ್ಲಿ ಪ್ರತಿ ಕೆಲಸಕ್ಕೂ ಒಂದು ತೂಕ ಇದೆ, ತೂಕವನ್ನ ಸ್ಪೀಡಿಂದ ಭಾಗಿಸಿದ್ರೆ ಎಷ್ಟು ಕಾಯ್ಬೇಕು ಅಂತ ಬರುತ್ತೆ. ಬೊಮ್ಮಿ ಸ್ಪೀಡ್ 10, ಹಗುರ ಏಟಿನ ತೂಕ 60, ಅಂದ್ರೆ 6 ಕಾಯ್ಬೇಕು, ಭಾರದ ಏಟು 120, ಅಂದ್ರೆ 12. ಅಡ್ಡ ನಿಲ್ಲೋದು ಬರೀ 40. ಹುಡುಗನ ಕೈಯಿಂದ ಕತ್ತಿ ತೆಗೆದುಬಿಟ್ಟೆ. ಅವನಿಗೂ ಪಾಳಿ ಬರುತ್ತೆ, ಆ ಪಾಳೀಲಿ ಅವನು ಒಂದು ಹೆಜ್ಜೆ ಹಿಂದೆ ಹೋಗ್ಬಹುದು, ಬಗ್ಗಬಹುದು, ಇಲ್ಲಾ ಕಾಲಿಗೆ ಹತ್ತಿದ ಉಂಬಳ, ಅಂದ್ರೆ ಜಿಗಣೆ, ಕಿತ್ತು ಹಾಕ್ಬಹುದು. ಉಂಬಳ ಇದ್ರೆ ಪ್ರತಿ ಪಾಳಿಗೂ ಸ್ವಲ್ಪ ಸ್ವಲ್ಪ ಕಸುವು ಹೋಗುತ್ತೆ, ಸುಣ್ಣ ಹೊಗೆಸೊಪ್ಪು ಇಟ್ಕೊಂಡಿದ್ರೆ ಪಾಳಿ ಖರ್ಚಾಗದೆ ಬಿಡ್ಸಬಹುದು.

ಭಾಗವತನೂ ಹೊಡೆಯಲ್ಲ. ಅವನು ತಾಳ ಬದಲಾಯಿಸ್ತಾನೆ. ಯಕ್ಷಗಾನದಲ್ಲಿ ಯುದ್ಧ ಹತ್ರ ಬಂದ ಹಾಗೆ ಚಂಡೆ ಏರುತ್ತಲ್ಲ, ಹಾಗೆ ಅವನು ತಾಳ ಏರಿಸಿದ್ರೆ ನಮ್ಮವರ ಪಾಳಿ ಬೇಗ ಬರುತ್ತೆ, ಆದ್ರೆ ಎದುರಾಳಿದೂ ಬೇಗ ಬರುತ್ತೆ, ಒಂದೇ ರಂಗದಲ್ಲಿ ಇಬ್ಬರಿಗೂ ಒಂದೇ ತಾಳ.

ಈಗ ಸಂಕ. ಈಚೆ ದಡದಲ್ಲಿ ಹುಡುಗ ಮತ್ತೆ ಭಾಗವತ, ಸಂಕದ ಮೇಲೆ ಬೊಮ್ಮಿ, ಆಚೆ ದಡದಲ್ಲಿ ಒಬ್ಬ ದಳವಾಯಿ, ನಾಲ್ಕು ಜನ ಬತ್ತಿ ಹಚ್ಚಿ ಸಿಡಿಸೋ ಕೋವಿಯವರು. ಕೋವಿ ಏಟು ಎರಡು ಬಿದ್ರೆ ಹುಡುಗ ಉಳಿಯಲ್ಲ. ಕತ್ತಿ ಹಿಡ್ಕೊಂಡು ದಾಟಿ ಹೋಗಿ ನಾಲ್ಕು ಜನಾನೂ ಹೊಡೀತೀನಿ ಅಂತ ಹೊರಟ್ರೆ ಅಷ್ಟರಲ್ಲಿ ಹುಡುಗ ಹೋಗಿರ್ತಾನೆ. ಇಲ್ಲಿ ತಿಂಗಳುಗಟ್ಟಲೆ ಒದ್ದಾಡಿದೆ, ಕಸುವು ಜಾಸ್ತಿ ಮಾಡಿದ್ರೆ ಸುಲಭ ಆಗುತ್ತೆ, ಕಡಿಮೆ ಮಾಡಿದ್ರೆ ಅಸಾಧ್ಯ ಆಗುತ್ತೆ, ಮಧ್ಯ ಎಲ್ಲೂ ಸಿಗ್ತಿರಲಿಲ್ಲ. ಅದರ ನಡುವೆ ಒಂದು ಸಂಜೆ ಸಿಡಿಲಿಗೆ ಕಂಪ್ಯೂಟರ್ ಹೋಯ್ತು, ಮೂರು ವಾರದ ಕೆಲಸ ಎಲ್ಲೂ ಕಾಪಿ ಇಟ್ಟಿರಲಿಲ್ಲ. ಈಗ ಪ್ರತಿ ರಾತ್ರಿ ಮಲಗೋ ಮುಂಚೆ ಬೇರೆ ಕಡೆ ಕಾಪಿ ಹಾಕ್ತೀನಿ, ಮಲೆನಾಡಲ್ಲಿ ಕೂತು ಕೆಲಸ ಮಾಡೋರು ಮಳೆಗಾಲ ಶುರುವಾಗೋಕೆ ಮುಂಚೆನೇ ಇದನ್ನ ರೂಢಿ ಮಾಡ್ಕೊಳ್ಳಿ.

ಉತ್ತರ ಸಿಕ್ಕಿದ್ದು ಮರುವರ್ಷ ಜುಲೈಲಿ, ಆಗುಂಬೆ ದಾರೀಲಿ ಬಸ್ಸಲ್ಲಿ ಕೂತಿರೋವಾಗ. ಬಿಸಿಲು ಇತ್ತು, ಕಣ್ಣೆದುರಿಗೇ ಮಳೆ ಗುಡ್ಡ ಇಳಿದು ಬಂತು, ಎರಡು ತಿರುವು ದಾಟೋದ್ರೊಳಗೆ ಏನೂ ಕಾಣದ ಹಾಗಾಯ್ತು. ಮಳೇಲಿ ಬತ್ತಿ ಉರಿಯಲ್ಲ, ಮದ್ದು ನೆನೀತದೆ, ಕೋವಿ ಸಿಡಿಯಲ್ಲ. ಬೊಮ್ಮಿ ಇದೇ ನೆಲದವಳು, ಮಳೆ ಯಾವಾಗ ಬರುತ್ತೆ ಅಂತ ಅವಳಿಗೆ ಗೊತ್ತು, ಘಟ್ಟದ ಆಚೆಯಿಂದ ಬಂದ ಸೈನ್ಯಕ್ಕೆ ಗೊತ್ತಿಲ್ಲ. ಮನೆಗೆ ಬಂದು ಮಳೆಯನ್ನೇ ಪಾಳಿ ಪಟ್ಟಿಗೆ ಸೇರಿಸ್ದೆ, ಎಲ್ಲರ ಹಾಗೆ ಅದಕ್ಕೂ ಒಂದು ಮುಖ, ಮೋಡದ ಚಿತ್ರ, ಶುರುವಲ್ಲೇ ಪಟ್ಟಿಯ ಕೊನೇಲಿ ಕಾಣುತ್ತೆ, 40 ಆದ್ಮೇಲೆ ಅದರ ಪಾಳಿ. ಈಗ ಫೈಟ್ ಪೂರ್ತಿ ಬೇರೆ. ಗೆಲ್ಲೋದು ಅಂದ್ರೆ ಮಳೆ ಬರೋವರೆಗೆ ಹುಡುಗನನ್ನ ಉಳಿಸ್ಕೊಳ್ಳೋದು. ಭಾಗವತ ತಾಳ ಏರಿಸಿದ್ರೆ ನಮಗೆ ಅಡ್ಡ ನಿಲ್ಲೋಕೆ ಹೆಚ್ಚು ಪಾಳಿ ಸಿಗುತ್ತೆ, ಕೋವಿಯವರಿಗೂ ಸಿಗುತ್ತೆ, ಮಳೆ ಮಾತ್ರ ತಾಳಕ್ಕೆ ಬಗ್ಗಲ್ಲ, ಅದರ ಹೊತ್ತಿಗೇ ಬರುತ್ತೆ. ತಾಳ ಇಳಿಸಬೇಕು ಅನ್ನೋದು ಆಡೋರಿಗೆ ಎರಡನೇ ಮೂರನೇ ಪ್ರಯತ್ನದಲ್ಲಿ ಹೊಳೆಯುತ್ತೆ. ಹೊಳೆದಾಗ ಅವರ ಮುಖ ನೋಡ್ಬೇಕು ನೀವು.

ಇನ್ನೊಂದು ದಾರಿನೂ ಇಟ್ಟಿದೀನಿ, ಮಾತು. ನಮ್ಮ ಕಡೆ ಮೇಳಗಳ ತಿರುಗಾಟ ನಿಂತ ಮೇಲೆ ಮಳೆಗಾಲದಲ್ಲಿ ತಾಳಮದ್ದಳೆ ಕೂರ್ತಾರೆ, ವೇಷ ಇಲ್ಲ ಕುಣಿತ ಇಲ್ಲ, ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಒಬ್ಬರಾದ್ಮೇಲೆ ಒಬ್ಬರು ಮಾತಲ್ಲೇ ಹೊಡೆದಾಡ್ತಾರೆ. ಅದು ಟರ್ನ್ ಬೇಸ್ಡ್ ಅಲ್ದೆ ಇನ್ನೇನು! ಒಬ್ಬರು ಮಾತಾಡೋವಾಗ ಇನ್ನೊಬ್ಬರು ಕೇಳ್ಲೇಬೇಕು, ಕೇಳಿಸ್ಕೊಂಡಿದ್ದರಲ್ಲೇ ಉತ್ತರಕ್ಕೆ ದಾರಿ ಹುಡುಕ್ಬೇಕು. 2015ರ ಅಂಡರ್‌ಟೇಲ್ ಗೇಮಲ್ಲಿ ಯಾರನ್ನೂ ಕೊಲ್ಲದೆ ಮುಗಿಸ್ಬಹುದು, ಅದು ನಂಗೆ ಧೈರ್ಯ ಕೊಡ್ತು, ಆದ್ರೆ ಮಾತಿನ ತೂಕ ಕಲ್ತಿದ್ದು ತಾಳಮದ್ದಳೆಯಿಂದ.

ಹಾಗಾಗಿ ಪ್ರತಿ ಎದುರಾಳಿಗೆ ಕಸುವಿನ ಜೊತೆ ಹಟ ಅಂತ ಇನ್ನೊಂದು ಅಳತೆ ಇದೆ. ಮಾತಾಡೋದು ಭಾರದ ಏಟಿನಷ್ಟೇ ತೂಕ, 120, ಯಾಕಂದ್ರೆ ಮಾತಿಗೆ ಹೊತ್ತು ಬೇಕು. ಏನು ಮಾತಾಡ್ಬಹುದು ಅನ್ನೋದು ಕಥೇಲಿ ಏನು ಕೇಳಿಸ್ಕೊಂಡ್ರಿ ಅನ್ನೋದರ ಮೇಲೆ. ಘಟ್ಟದ ಕೆಳಗಿಂದ ಎತ್ತಿನ ಮೇಲೆ ಉಪ್ಪು ಹೇರ್ಕೊಂಡು ಬರೋ ವ್ಯಾಪಾರಿ ಜೊತೆ ಕಟ್ಟೆ ಮೇಲೆ ಕೂತು ಎರಡು ಮಾತಾಡಿದ್ರೆ ಕೋವಿಯವರಿಗೆ ಆರು ತಿಂಗಳಿಂದ ಸಂಬಳ ಆಗಿಲ್ಲ ಅಂತ ಗೊತ್ತಾಗುತ್ತೆ. ಅದನ್ನ ಸಂಕದ ಮೇಲೆ ನಿಂತು ದಳವಾಯಿಗೆ ಹೇಳಿದ್ರೆ ದಳವಾಯಿ ಹಟ ಏರುತ್ತೆ, ಅವನಿಗೆ ಅವಮಾನ ಆಗುತ್ತೆ, ಆದ್ರೆ ಹಿಂದೆ ನಿಂತು ಕೇಳ್ತಿರೋ ನಾಲ್ಕು ಜನರ ಹಟ ಇಳಿಯುತ್ತೆ. ತಾಳಮದ್ದಳೇಲೂ ಮಾತು ಎದುರು ಕೂತವನಿಗೆ ಹೇಳಿದ ಹಾಗಿರುತ್ತೆ, ತಲುಪಬೇಕಾದ್ದು ಸಭೆಗೆ. ಇದನ್ನ ಹಾಕಿದ ಮೇಲೆ ಅಕ್ಕನ ಮಗ ಒಂದು ಮಾತೂ ಸ್ಕಿಪ್ ಮಾಡಿಲ್ಲ, ಉಪ್ಪಿನ ವ್ಯಾಪಾರಿ ಹತ್ರ ಮೂರು ಸಲ ಹೋಗಿ ಇನ್ನೇನಾದ್ರೂ ಹೇಳ್ತಾನಾ ಅಂತ ಕೇಳ್ಕೊಂಡು ಬಂದ.

ಟೆಕ್ನಿಕಲ್ ವಿಷ್ಯ ಒಂದೇ ಹೇಳ್ತೀನಿ, ಕನ್ನಡದವರಿಗೆ ಬೇಕಾಗಿದ್ದು. ನಾನು ಶುರು ಮಾಡಿದ್ದು ಗೋಡೋ ಅನ್ನೋ ಗೇಮ್ ಮಾಡೋ ಸಾಫ್ಟ್‌ವೇರ್‌ನ (ಇಂಜಿನ್) 3ನೇ ವರ್ಷನ್ನಲ್ಲಿ, ಅದರಲ್ಲಿ ಒತ್ತಕ್ಷರ ಎಲ್ಲ ಒಡೆದು ಬಿಡಿಬಿಡಿಯಾಗಿ ಕಾಣ್ತಿತ್ತು, ಕಷ್ಟಪಟ್ಟು ಬರೆದ ಮಾತು ಓದೋಕೇ ಆಗ್ತಿರಲಿಲ್ಲ. 2023ರ ಮಾರ್ಚಲ್ಲಿ ಗೋಡೋ 4 ಬಂತು, ಅದರಲ್ಲಿ ನಮ್ಮಂಥ ಲಿಪಿಗಳನ್ನ ಸರಿಯಾಗಿ ಜೋಡಿಸೋ ವ್ಯವಸ್ಥೆ ಇದೆ, ಪೂರ್ತಿ ಪ್ರಾಜೆಕ್ಟ್ ಅದಕ್ಕೆ ತಂದೆ. ಆಮೇಲೂ ಒಂದು ತೊಂದ್ರೆ, ಮಾತು ಒಂದೊಂದೇ ಅಕ್ಷರವಾಗಿ ಮೂಡೋ ಹಾಗೆ ಮಾಡಿದ್ರೆ "ಸ್ತ್ರೀ" ಅನ್ನೋದು ಮೊದಲು ಸ, ಆಮೇಲೆ ಸ್, ಆಮೇಲೆ ಸ್ತ ಅಂತ ಕುಣೀತಾ ಬರ್ತಿತ್ತು. ಗೋಡೋದಲ್ಲಿ ಮಾತು ತೋರಿಸೋ ಲೇಬಲ್‌ನ ಸೆಟ್ಟಿಂಗಲ್ಲಿ ಅಕ್ಷರ ಜೋಡಣೆ ಆದ ಮೇಲೆ ತೋರಿಸು ಅನ್ನೋ ಆಯ್ಕೆ ಇದೆ, ಅದನ್ನ ಹಾಕಿದ್ರೆ ಸರಿ ಹೋಗುತ್ತೆ. ಸಾಲಿನ ನಡುವೆ ಜಾಗನೂ ಸ್ವಲ್ಪ ಜಾಸ್ತಿ ಕೊಡಿ, ಇಲ್ಲಾಂದ್ರೆ ಕೆಳಗಿನ ಒತ್ತು ಮುಂದಿನ ಸಾಲಿಗೆ ತಾಗುತ್ತೆ.

ಸಂಕದ ಫೈಟಲ್ಲಿ ಕೊನೆಗೆ ಸೇರಿಸಿದ್ದು ಒಂದು ಬಟನ್, ಒಪ್ಪಿಸು ಅಂತ. ಮೊದಲನೇ ಪಾಳಿಯಿಂದಲೂ ಅಲ್ಲೇ ಇರುತ್ತೆ. ಒತ್ತಿದ್ರೆ ಹುಡುಗ ಸಂಕ ದಾಟಿ ಹೋಗ್ತಾನೆ, ಸೈನ್ಯ ವಾಪಸ್ ಹೋಗುತ್ತೆ, ಬೊಮ್ಮಿಗೆ ಭಾಗವತನಿಗೆ ಒಂದು ಗೀರೂ ಆಗಲ್ಲ, ಮುಂದಿನ ಫೈಟ್‌ಗಳೆಲ್ಲ ಸುಲಭ. ತುಂಬಾ ಯೋಚನೆ ಮಾಡಿ ಇಟ್ಟಿದ್ದು ಇದು, ಇಟ್ಕೊಳ್ಳೋದು ಅನ್ನೋದಕ್ಕೆ ಬೆಲೆ ಬರ್ಬೇಕಾದ್ರೆ ಬಿಟ್ಟುಕೊಡೋ ದಾರಿ ಕೈಗೆ ಸಿಗೋ ಹಾಗೆ ಇರ್ಬೇಕು ಅಂತ. ಅಕ್ಕನ ಮಗ ಏಳು ಸಲ ಸೋತ, ಅದನ್ನ ಒತ್ತಲಿಲ್ಲ. "ಇದನ್ನ ತೆಗ್ದಾಕು ಮಾವ, ನೋಡಿದ್ರೆ ಹೆದ್ರಿಕೆ ಆಗ್ತದೆ" ಅಂದ. ತೆಗೆದಿಲ್ಲ.

ಅಕ್ಕ ಒತ್ತಿದಳು, ಒಂದು ಸಲ, ಏನಾಗುತ್ತೆ ನೋಡೋಣ ಅಂತ. ಮುಂದಿನ ಫೈಟಲ್ಲಿ ಪಾಳಿ ಪಟ್ಟೀಲಿ ಹುಡುಗನ ಜಾಗ ಖಾಲಿ ಬಿಟ್ಟಿದೀನಿ, ಚೌಕ ಇದೆ ಮುಖ ಇಲ್ಲ. ಅವನ ಪಾಳಿ ಬಂದಾಗ ಅರ್ಧ ಸೆಕೆಂಡ್ ಏನೂ ಆಗಲ್ಲ, ಮದ್ದಳೆನೂ ನಿಲ್ಲುತ್ತೆ. ಆಮೇಲೆ ಭಾಗವತನ ಪಾಳಿ.