ಕೆಲಸಕ್ಕಿಂತ ಮೊದಲೇ ಕಂತು ಬಂದರೆ

ಡಿಗ್ರಿ ಮುಗಿದು ಕೈ ಖಾಲಿ ಇದ್ದಾಗ ನಾನು ಮೊದಲು ಮಾಡಿದ್ದು, ಎಲ್ಲ ಸಾಲವನ್ನೂ ಬಡ್ಡಿ ದರದ ಪ್ರಕಾರ ಒಂದೇ ಹಾಳೆಯಲ್ಲಿ ಬರೆದದ್ದು. ಮೊತ್ತ ನೋಡಿ ಸುಮ್ನೆ ಹೆದರಬೇಡಿ, ದರ ನೋಡಿ. ಕ್ರೆಡಿಟ್ ಕಾರ್ಡ್ ಬಾಕಿ ಚಿಕ್ಕದಿದ್ದರೂ ಜಾಸ್ತಿ ಕಚ್ಚುವುದು ಅದೇ. ಕನಿಷ್ಠ ಮೊತ್ತ ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ನಿಲ್ಲುವುದಿಲ್ಲ.

ಕಂತು ತಪ್ಪುವ ಮೊದಲೇ ಸಾಲ ಕೊಟ್ಟವರಿಗೆ ಇಮೇಲ್ ಬರೆಯಿರಿ. ತಪ್ಪಿದ ಮೇಲೆ ಅವರ ಮಾತಿನ ಧಾಟಿಯೇ ಬೇರೆ! ನಾನು ಬರೆದದ್ದು ಇಷ್ಟೇ: ‘ಕೆಲಸ ಹುಡುಕುತ್ತಿದ್ದೇನೆ. ಸದ್ಯಕ್ಕೆ ಬಡ್ಡಿ ಮಾತ್ರ ಕಟ್ಟಬಲ್ಲೆ. ಅವಕಾಶ ಇದೆಯೇ?’ ಕಂತಿಗೆ ರಜೆ ಸಿಕ್ಕರೂ ಬಡ್ಡಿ ಸಾಮಾನ್ಯವಾಗಿ ಓಡುತ್ತಲೇ ಇರುತ್ತದೆ. ಒಂದು ಲಕ್ಷಕ್ಕೆ ವರ್ಷಕ್ಕೆ 12 ಪರ್ಸೆಂಟ್ ಅಂದರೆ ತಿಂಗಳಿಗೆ ಸಾವಿರ. ಅದು ಅಸಲಿಗೆ ಸೇರಿದರೆ ಬಡ್ಡಿಗೂ ಬಡ್ಡಿ. ಟ್ಯೂಷನ್, ಟೈಪಿಂಗ್, ಏನೇ ಸಿಕ್ಕರೂ ಮೊದಲು ಈ ಬಡ್ಡಿಯನ್ನು ಕಟ್ಟಿ. ಹಳೇ ಸಾಲಕ್ಕೆ ಆ್ಯಪ್ ಸಾಲ ಮಾತ್ರ ಬೇಡವೇ ಬೇಡ.